ಮೂರು ಮರ, ಕೋಟಿ ಹುಳು

ಸವಣೂರಿನಲ್ಲಿ ದೊಡ್ಡಹುಣಸೆ ಮಠ ಎಲ್ಲಿದೆ ಎಂದು ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಮಠಕ್ಕೆ ಆ ಹೆಸರು ಬಂದದ್ದು ಅದರ ಆವರಣದಲ್ಲಿ ಬೆಳೆದ ಮೂರು ಭಾರಿ ಮರಗಳಿಂದ. ಒಂದೊಂದರ ಬುಡ ತಬ್ಬಬೇಕೆಂದರೆ ಏಳೆಂಟು ಮಂದಿ ಕೈಗೆ ಕೈ ಕೊಟ್ಟು ನಿಲ್ಲಬೇಕು. ತೊಗಟೆ ಬೂದು ಬಣ್ಣದ್ದು, ನುಣುಪಾದದ್ದು, ಕೆಳಗೆ ಬಂದಂತೆ ದಪ್ಪ ದಪ್ಪ ಮಡಿಕೆ ಬಿದ್ದದ್ದು. ವರ್ಷದಲ್ಲಿ ಕೆಲವು ತಿಂಗಳು ಒಂದು ಎಲೆಯೂ ಇರುವುದಿಲ್ಲ. ಎಲೆ ಬಂದಾಗ ಒಂದು ತೊಟ್ಟಿಗೆ ಐದೋ ಏಳೋ ದಳ. ಮಖಮಲ್ಲಿನ ಹೊದಿಕೆಯ ಕಾಯಿ ಉದ್ದನೆಯ ತೊಟ್ಟಿನಲ್ಲಿ ಜೋತುಬೀಳುತ್ತದೆ. ಒಡೆದರೆ ಒಳಗೆ ಬಿಳಿ ಹಿಟ್ಟಿನಂಥ ಒಣ ತಿರುಳು, ಬಾಯಿಗೆ ಹಾಕಿಕೊಂಡರೆ ಹುಳಿ. ಹುಳಿ ಇದ್ದರೂ ಇದು ಹುಣಸೆಯ ಜಾತಿಯಲ್ಲ. ಸಸ್ಯವಿಜ್ಞಾನಿಗಳ ಲೆಕ್ಕದಲ್ಲಿ ಇದು ಬಾವೊಬಾಬ್, ಆಫ್ರಿಕದ ಮರ. ಅದರ ಕುಲಬಾಂಧವರು ಬೂರುಗ, ಬೆಂಡೆ, ಪುಂಡಿ ಮತ್ತು ಹತ್ತಿ. ಸುತ್ತಲ ಎರೆಹೊಲಗಳ ಹತ್ತಿಗಿಡಕ್ಕೆ ಈ ಮರ ದೂರದ ದಾಯಾದಿ.

2023ರ ಜುಲೈ ತಿಂಗಳ ಮಳೆಗೆ ಮೂರರಲ್ಲಿ ಒಂದು ಮರ ಬುಡಸಮೇತ ಉರುಳಿಬಿತ್ತು. ಊರಿಗೆ ಊರೇ ಮಮ್ಮಲ ಮರುಗಿತು. ಜಿಲ್ಲಾಡಳಿತ ಕ್ರೇನುಗಳನ್ನು ತರಿಸಿ ಅದನ್ನು ಎತ್ತಿ ಮತ್ತೆ ನೆಡಿಸಿತು. ಒಂದು ಮರಕ್ಕಾಗಿ ಅಷ್ಟು ಕಷ್ಟ ಪಟ್ಟದ್ದು ಸರಿಯಾಗಿಯೇ ಇತ್ತು. ಮೂರೇ ಮೂರು ಇರುವಲ್ಲಿ ಒಂದು ಹೋದರೆ ಮೂರನೆಯ ಒಂದು ಪಾಲೇ ಹೋಯಿತು, ಮತ್ತು ಆ ಪಾಲಿನಲ್ಲಿ ಏನಿತ್ತೋ ಅದು ಉಳಿದೆರಡರಲ್ಲಿ ಇರಲೇಬೇಕೆಂದೇನೂ ಇಲ್ಲ. ಮಳೆಗೆ ಬಿದ್ದ ಮರ ಮಿಕ್ಕ ಎರಡಕ್ಕಿಂತ ಕಡಿಮೆ ಯೋಗ್ಯತೆಯದ್ದು ಎಂದು ಯಾರೂ ಹೇಳಲಾರರು. ನೆಲ ನೆನೆದಿತ್ತು, ಬಿತ್ತು, ಅಷ್ಟೆ.

ಜೀವವಿಕಾಸದ ಬಗ್ಗೆ ಶಾಲೆಯಲ್ಲಿ ಓದಿದವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಉಳಿಯುವುದು ಒಂದೇ ಚಿತ್ರ: ಬಲವಿದ್ದದ್ದು ಬದುಕಿತು, ಇಲ್ಲದ್ದು ಅಳಿಯಿತು. ಈ ಚಿತ್ರದಲ್ಲಿ ಆಕಸ್ಮಿಕಕ್ಕೆ ಜಾಗವೇ ಇಲ್ಲ. ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪು ತಿಳಿವಳಿಕೆಯೂ ಚಾಲ್ತಿಯಲ್ಲಿದೆ: ವಿಕಾಸವೆಂದರೆ ಬರೀ ಆಕಸ್ಮಿಕ, ಕಣ್ಣಿನಂಥ ಕಣ್ಣು ಆಕಸ್ಮಿಕವಾಗಿ ಹುಟ್ಟೀತೇ ಎಂಬ ಪ್ರಶ್ನೆ ಅದರಿಂದ ಹೊರಡುತ್ತದೆ. ಎರಡೂ ಅರ್ಧ ಅರ್ಧ. ಆಕಸ್ಮಿಕವೂ ಇದೆ, ಆಯ್ಕೆಯೂ ಇದೆ. ಯಾವುದರ ಕೈ ಎಲ್ಲಿ ಮೇಲಾಗುತ್ತದೆ ಎಂಬುದು ಬಹುಮಟ್ಟಿಗೆ ತಲೆ ಎಣಿಕೆಯ ಮೇಲೆ ನಿಂತಿದೆ. ಇದನ್ನು ಕಾಣಲು ಗಲಾಪಗೋಸ್ ದ್ವೀಪಗಳಿಗೆ ಹೋಗಬೇಕಾಗಿಲ್ಲ. ಹಾವೇರಿ ಜಿಲ್ಲೆಯ ಸವಣೂರು, ಶಿಗ್ಗಾವಿ, ಹಾನಗಲ್, ಹಿರೇಕೆರೂರು ತಾಲ್ಲೂಕುಗಳಲ್ಲಿ ತಿರುಗಿದರೆ ಸಾಕು.

ಮರದಿಂದಲೇ ಶುರುಮಾಡೋಣ. ಬಾವೊಬಾಬ್ ಕುಲದಲ್ಲಿ ಎಂಟು ಜಾತಿಗಳು. ಆರು ಮಡಗಾಸ್ಕರ್ ದ್ವೀಪದಲ್ಲಿ ಮಾತ್ರ ಸಿಗುತ್ತವೆ; ಒಂದು ಆಫ್ರಿಕ ಖಂಡದಲ್ಲಿ; ಇನ್ನೊಂದು ಸಾವಿರಾರು ಮೈಲಿ ಆಚೆ, ಆಸ್ಟ್ರೇಲಿಯದ ವಾಯವ್ಯ ಮೂಲೆಯಲ್ಲಿ. ಎಂಟೂ ಜಾತಿಗಳ ಜೀನೋಮ್ ಓದಿದ ಅಧ್ಯಯನವೊಂದು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಕುಲದ ಮೂಲ ಮಡಗಾಸ್ಕರ್ ಇರಬೇಕು, ಅಲ್ಲಿಂದ ಕಾಯಿಗಳು ಸಮುದ್ರದ ಪ್ರವಾಹಕ್ಕೆ ಸಿಕ್ಕಿ ಉಳಿದೆರಡು ಖಂಡ ಸೇರಿರಬೇಕು ಎಂಬುದು ಅದರ ತೀರ್ಮಾನ. ಗಟ್ಟಿ ಸಿಪ್ಪೆಯ ಕಾಯಿ ತೇಲುತ್ತದೆ, ನಿಜ. ಆದರೆ ತೇಲಿದ ಲಕ್ಷಾಂತರ ಕಾಯಿಗಳಲ್ಲಿ ಯಾವುದು ದಡ ಸೇರಿತು, ದಡದಲ್ಲಿ ಯಾವುದಕ್ಕೆ ಮಣ್ಣು ಸಿಕ್ಕಿತು ಎಂಬುದನ್ನು ತೀರ್ಮಾನಿಸಿದ್ದು ಕಾಯಿಯ ಗುಣವಲ್ಲ, ಅಲೆ.

ಆಫ್ರಿಕದ ಜಾತಿಯಲ್ಲಿ ಮತ್ತೂ ಒಂದು ಆಕಸ್ಮಿಕ ನಡೆದಿದೆ. ಉಳಿದ ಏಳು ಜಾತಿಗಳಲ್ಲಿ ಜೀವಕೋಶಕ್ಕೆ 88 ವರ್ಣತಂತುಗಳಿದ್ದರೆ ಇದರಲ್ಲಿ 168. ಎಂದೋ ಒಮ್ಮೆ ಕೋಶ ವಿಭಜನೆಯಲ್ಲಿ ಆದ ಎಡವಟ್ಟಿನಿಂದ ಇಡೀ ಜೋಡಿ ದುಪ್ಪಟ್ಟಾಗಿದೆ. ಪ್ರತಿಯೊಂದು ಜೀನಿಗೂ ಎರಡರ ಬದಲು ನಾಲ್ಕು ಪ್ರತಿ. ಸವಣೂರಿನ ಮರಗಳ ಪ್ರತಿ ಎಲೆಯಲ್ಲೂ ಆ ಗುರುತು ಇದೆ.

ಹಾಗಾದರೆ ಆಫ್ರಿಕದ ಮರ ಸವಣೂರಿಗೆ ಬಂದದ್ದು ಹೇಗೆ? ಶ್ರೀಕೃಷ್ಣ ತಂದ ಸಸಿ ಎಂಬ ನಂಬಿಕೆ ಊರಲ್ಲಿದೆ. ಎರಡು ಸಾವಿರ ವರ್ಷ ಹಳೆಯದು ಎನ್ನುವವರಿದ್ದಾರೆ. ಸುತ್ತಳತೆಯಿಂದ ಈ ಮರದ ವಯಸ್ಸು ಹೇಳಲಾಗದು, ಏಕೆಂದರೆ ಬಾವೊಬಾಬಿನಲ್ಲಿ ಹಲವು ಕಾಂಡಗಳು ಬೆಸೆದುಕೊಂಡು ಒಂದೇ ಕಾಂಡದಂತೆ ಕಾಣುತ್ತವೆ, ನಡುವೆ ಪೊಳ್ಳು ಇರುತ್ತದೆ. ರೇಡಿಯೊ ಕಾರ್ಬನ್ ವಿಧಾನವೇ ಬೇಕು. ರುಮೇನಿಯದ ಆಡ್ರಿಯನ್ ಪತ್ರುಟ್ ಅವರ ತಂಡ ಆ ವಿಧಾನದಿಂದ ಜಿಂಬಾಬ್ವೆಯ ಒಂದು ಮರಕ್ಕೆ ಸುಮಾರು 2,450 ವರ್ಷ ಎಂದು ಕಂಡುಕೊಂಡಿತು. ಅದೇ ತಂಡ ಉತ್ತರ ಪ್ರದೇಶದ ಕಿಂತೂರಿನ ‘ಪಾರಿಜಾತ’ ಮತ್ತು ಪ್ರಯಾಗರಾಜ್ ಬಳಿಯ ಝೂಸಿಯ ಮರಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ವಯಸ್ಸು ಸುಮಾರು 770. ಅಂದರೆ ಪೋರ್ಚುಗೀಸರ ಹಡಗು ಕಲ್ಲಿಕೋಟೆಗೆ ಬರುವುದಕ್ಕೆ ಎರಡು ಶತಮಾನಕ್ಕೂ ಮೊದಲೇ ಬಾವೊಬಾಬ್ ಗಂಗೆಯ ಬಯಲಿನಲ್ಲಿ ಬೇರುಬಿಟ್ಟಿತ್ತು.

ಆಸ್ಟ್ರೇಲಿಯದ ವಿಜ್ಞಾನಿ ಕರೆನ್ ಬೆಲ್, ಭೂಗೋಳಜ್ಞೆ ಹರಿಪ್ರಿಯಾ ರಂಗನ್ ಮತ್ತು ಸಂಗಡಿಗರು ಆಫ್ರಿಕ, ಭಾರತ, ಮಾಸ್ಕರೀನ್ ದ್ವೀಪಗಳು, ಮಲೇಷ್ಯಗಳ ಬಾವೊಬಾಬ್‌ಗಳಿಂದ ಡಿಎನ್‌ಎ ತೆಗೆದು ಹತ್ತು ಜಾಗಗಳಲ್ಲಿ ಹೋಲಿಸಿ ನೋಡಿದರು. 2015ರಲ್ಲಿ ಬಂದ ಅವರ ಪ್ರಬಂಧ ಹೇಳುವುದಿಷ್ಟು. ಭಾರತಕ್ಕೆ ಈ ಮರ ಒಂದೇ ಸಲ ಬಂದದ್ದಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಾರಿಯಲ್ಲಿ ಬಂದಿದೆ. ಭಾರತದ ಮರಗಳಿಗೆ ಹತ್ತಿರದ ನಂಟು ಮೊಂಬಾಸಾದಿಂದ ದಾರ್ ಎಸ್ ಸಲಾಮ್‌ವರೆಗಿನ ಪೂರ್ವ ಆಫ್ರಿಕದ ಕರಾವಳಿಯದು. ಆಗ್ನೇಯ ಭಾರತದ ಮರಗಳು ಮಾತ್ರ ಐರೋಪ್ಯರ ವಸಾಹತು ಜಾಲದ ಮೂಲಕ ಪಶ್ಚಿಮ ಆಫ್ರಿಕದಿಂದ ಬಂದಂತಿವೆ. ಭಾರತದ ಮರಗಳಲ್ಲಿ ಜೀನು ವೈವಿಧ್ಯ ಆಫ್ರಿಕದಲ್ಲಿರುವುದಕ್ಕಿಂತ ಕಡಿಮೆ. ಹಾಗಿದ್ದೂ ಪಶ್ಚಿಮ ಮತ್ತು ಮಧ್ಯ ಭಾರತದ ಮರಗಳು ಆಫ್ರಿಕದವುಗಳಿಂದ ಬೇರೆಯಾಗಿ ತಮ್ಮದೇ ಗುಂಪು ಕಟ್ಟಿಕೊಳ್ಳುತ್ತವೆ, ಆಫ್ರಿಕದ ಮಾದರಿಗಳಲ್ಲಿ ಸಿಗದ ಕೆಲವು ಜೀನು ರೂಪಗಳನ್ನೂ ಇಟ್ಟುಕೊಂಡಿವೆ.

ಈ ಭಿನ್ನತೆ ಬಂದದ್ದು ಭಾರತದ ಹವೆಗೆ ಮರ ಹೊಂದಿಕೊಂಡದ್ದರಿಂದ ಎಂದು ಥಟ್ಟನೆ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಹಾಗೆ ಭಾವಿಸುವ ಅಗತ್ಯವೇ ಕಾಣುವುದಿಲ್ಲ. ನೂರು ಬಗೆಯ ಕಾಳು ಬೆರೆತ ಚೀಲದಿಂದ ಕಣ್ಣುಮುಚ್ಚಿ ಒಂದು ಹಿಡಿ ತೆಗೆದರೆ ಆ ಹಿಡಿಯಲ್ಲಿ ನೂರೂ ಬಗೆ ಇರುವುದಿಲ್ಲ, ಇರುವವುಗಳ ಪ್ರಮಾಣವೂ ಚೀಲದ್ದಲ್ಲ. ಮೂಲನೆಲದಲ್ಲಿ ಒಂದು ಜೀನಿನ ಯಾವುದೋ ರೂಪ ನೂರಕ್ಕೆ ಹತ್ತರಷ್ಟು ಇದೆ ಎಂದುಕೊಳ್ಳೋಣ. ಅಲ್ಲಿಂದ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಬೀಜ ಬಂದರೆ, ಮರಕ್ಕೆ ನಾಲ್ಕರಂತೆ ಒಟ್ಟು ಹನ್ನೆರಡು ಪ್ರತಿ. ಹನ್ನೆರಡರಲ್ಲಿ ಒಂದರಲ್ಲೂ ಆ ರೂಪ ಇಲ್ಲದೇ ಹೋಗುವ ಸಂಭವ ಶೇ 28. ಮೂಲದಲ್ಲಿ ಅದು ನೂರಕ್ಕೆ ಎರಡರಷ್ಟೇ ಇದ್ದರೆ ತಪ್ಪಿಹೋಗುವ ಸಂಭವ ಶೇ 78. ಒಳ್ಳೆಯ ಗುಣವೋ ಕೆಟ್ಟ ಗುಣವೋ, ಈ ಲೆಕ್ಕಕ್ಕೆ ಅದು ಬೇಕಿಲ್ಲ. ಬೀಜ ತಂದವರು ವ್ಯಾಪಾರಿಗಳಿರಲಿ, ಸೈನಿಕರಿರಲಿ, ಫಕೀರರಿರಲಿ, ಜೀನು ನೋಡಿ ಆರಿಸಿ ತಂದವರಲ್ಲ. ಕೆಲವೇ ಮಂದಿಯಿಂದ ಆರಂಭವಾದ ಸಂತತಿಯಲ್ಲಿ ಹೀಗೆ ಉಂಟಾಗುವ ಏರುಪೇರಿಗೆ ಜೀವವಿಜ್ಞಾನಿಗಳು ಸ್ಥಾಪಕ ಪರಿಣಾಮ ಎನ್ನುತ್ತಾರೆ.

ಅದೇ ಮರದಲ್ಲಿ ಆಯ್ಕೆಯ ಕೆಲಸವೂ ಎದ್ದು ಕಾಣುತ್ತದೆ. ನೀರು ತುಂಬಿಕೊಂಡ ಮೆದು ಕಾಂಡ, ಬರದಲ್ಲಿ ಎಲೆ ಉದುರಿಸುವ ಜಾಣ್ಮೆ, ಸಂಜೆ ಅರಳಿ ಮರುದಿನ ಬಾಡುವ ಬಿಳಿಯ ಜೋಲುಹೂವು, ಬಾವಲಿಯನ್ನು ಕರೆಯುವ ಅದರ ಹಳಸಲು ವಾಸನೆ: ಒಂದೊಂದೂ ಲಕ್ಷಾಂತರ ವರ್ಷಗಳಲ್ಲಿ ತಿದ್ದಿಕೊಂಡು ಬಂದದ್ದು. ಇಂಥದ್ದು ಆಕಸ್ಮಿಕಗಳ ಸರಣಿಯಿಂದ ಕೂಡಿಬರಲು ಸಾಧ್ಯವಿಲ್ಲ. ಆದರೆ ಈ ತಿದ್ದುವ ಕೆಲಸ ಮುಗಿದದ್ದು ಆಚೆಯ ದಡದಲ್ಲಿ, ಮರಗಳು ಬಹುಸಂಖ್ಯೆಯಲ್ಲಿದ್ದ ಕಡೆ. ಈಚೆಯ ದಡಕ್ಕೆ ಬಂದ ಮೇಲೆ ಅದಕ್ಕೆ ಬಾವಲಿ ಸಿಕ್ಕಿದ್ದು ಅದೃಷ್ಟ. ನಮ್ಮ ತೊಗಲಬಾವಲಿಗಳೂ ಆ ಹೂವಿಗೆ ಎರಗುತ್ತವೆ.

ಸಣ್ಣ ಗುಂಪಿನಲ್ಲಿ ಆಕಸ್ಮಿಕ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದನ್ನು ಅಮೆರಿಕದ ಪೀಟರ್ ಬ್ಯೂರಿ 1956ರಲ್ಲಿ ಹಣ್ಣುನೊಣಗಳಿಂದ ತೋರಿಸಿದರು. 107 ಬಾಟಲಿಗಳು, ಒಂದೊಂದರಲ್ಲಿ ಎಂಟು ಗಂಡು ಎಂಟು ಹೆಣ್ಣು. ಕಣ್ಣಿನ ಬಣ್ಣದ ಒಂದು ಜೀನಿನ ಎರಡು ರೂಪಗಳು ಎಲ್ಲ ಬಾಟಲಿಗಳಲ್ಲೂ ಆರಂಭದಲ್ಲಿ ಸರಿಸಮ. ಪ್ರತಿ ತಲೆಮಾರಿನಲ್ಲೂ ಹುಟ್ಟಿದ ಮರಿಗಳಿಂದ ಎಂಟು ಜೋಡಿಯನ್ನು ಹಾಗೇ ಎತ್ತಿ ಮುಂದಿನ ಬಾಟಲಿಗೆ ಬಿಡುವುದು. ಹತ್ತೊಂಬತ್ತು ತಲೆಮಾರು ಕಳೆದಾಗ 30 ಬಾಟಲಿಗಳಲ್ಲಿ ಒಂದು ರೂಪ ಪೂರ್ತಿ ಮಾಯವಾಗಿತ್ತು. 28 ಬಾಟಲಿಗಳಲ್ಲಿ ಅದೊಂದೇ ಉಳಿದಿತ್ತು. ಎಲ್ಲ ಬಾಟಲಿಗೂ ಅದೇ ಆಹಾರ, ಅದೇ ಕೋಣೆ. ಬೇರೆಯಾದದ್ದು ಯಾವ ನೊಣ ಯಾವಾಗ ಕೈಗೆ ಸಿಕ್ಕಿತು ಎಂಬುದು ಮಾತ್ರ. ಈ ದಿಕ್ಕಿಲ್ಲದ ಚಲನೆಗೆ ಜೀನುಗಳ ಅಲೆತ ಎಂದು ಹೆಸರು. ಜಪಾನಿನ ಮೊಟೂ ಕಿಮುರಾ 1968ರಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ದು, ಡಿಎನ್‌ಎ ಮಟ್ಟದಲ್ಲಿ ಕಾಲಕಾಲಕ್ಕೆ ನೆಲೆಗೊಳ್ಳುವ ಬದಲಾವಣೆಗಳಲ್ಲಿ ಹೆಚ್ಚಿನವು ಲಾಭವೂ ಅಲ್ಲದ ನಷ್ಟವೂ ಅಲ್ಲದ ಅಲೆತದ ಫಲ ಎಂದು ವಾದಿಸಿದರು. ಆಗ ದೊಡ್ಡ ಜಗಳವೇ ನಡೆಯಿತು. ಇಂದು ಜೀನೋಮ್ ಓದುವವರು ಮೊದಲು ಅಲೆತದ ಲೆಕ್ಕ ಹಾಕಿ, ಅದು ವಿವರಿಸಲಾರದ್ದನ್ನು ಮಾತ್ರ ಆಯ್ಕೆಯ ಖಾತೆಗೆ ಬರೆಯುತ್ತಾರೆ.

ಲಾಭದ ಬದಲಾವಣೆಯೂ ಆಕಸ್ಮಿಕದ ಕೈ ದಾಟಿಯೇ ಬರಬೇಕು. ಇದನ್ನು ಲೆಕ್ಕದಲ್ಲಿ ಹಿಡಿದವರು ಜೆ.ಬಿ.ಎಸ್. ಹಾಲ್ಡೇನ್. 1957ರಲ್ಲಿ ಇಂಗ್ಲೆಂಡ್ ಬಿಟ್ಟು ಕಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದು, ಭಾರತದ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಮಹಾನುಭಾವ. ಅವರು 1927ರಲ್ಲೇ ತೋರಿಸಿದ್ದು ಇದು: ಒಂದು ಹೊಸ ಜೀನು ರೂಪ ತನ್ನ ಒಡೆಯನಿಗೆ ಶೇ 1ರಷ್ಟು ಅನುಕೂಲ ಕೊಟ್ಟರೂ ಅದು ಕೊನೆಗೆ ನೆಲೆನಿಲ್ಲುವ ಸಂಭವ ನೂರಕ್ಕೆ ಎರಡು ಮಾತ್ರ. ಉಳಿದ ತೊಂಬತ್ತೆಂಟು ಸಲ ಮೊದಲ ಕೆಲವು ತಲೆಮಾರುಗಳಲ್ಲೇ ನಶಿಸುತ್ತದೆ. ಒಳ್ಳೆಯದು ಗೆದ್ದೇ ಗೆಲ್ಲುತ್ತದೆ ಎಂದು ನಂಬಿದವರಿಗೆ ಇದು ನುಂಗಲಾರದ ತುತ್ತು. ಆದರೆ ಅದೇ ಲಾಭದ ಬದಲಾವಣೆ ದೊಡ್ಡ ಸಂತತಿಯಲ್ಲಿ ನೂರಾರು ಸಲ ಹೊಸದಾಗಿ ಹುಟ್ಟುತ್ತಿದ್ದರೆ ಎಲ್ಲಾದರೂ ಒಂದು ಉಳಿಯುತ್ತದೆ, ಉಳಿದದ್ದು ಹಬ್ಬುತ್ತದೆ. ಇಪ್ಪತ್ತು ಜೀವಿಗಳ ಗುಂಪಿನಲ್ಲಿ ಶೇ 1ರ ಅನುಕೂಲ ಅಲೆತದಲ್ಲಿ ಕೊಚ್ಚಿಹೋಗುತ್ತದೆ. ಲಕ್ಷಗಳಿದ್ದಲ್ಲಿ ಅದೇ ಅನುಕೂಲ ಎಲ್ಲವನ್ನೂ ತೀರ್ಮಾನಿಸುತ್ತದೆ.

ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಹಳೆಯ ಕೋಟೆಯೊಳಗೆ ಆಯ್ಕೆ, ಅಲೆತ ಎರಡೂ ಒಂದೇ ಆವರಣದಲ್ಲಿವೆ. ಅಲ್ಲಿ ನವಿಲುಧಾಮವಿದೆ, ಖಿಲಾರಿ ದನಗಳ ತಳಿ ಸಂವರ್ಧನೆಯ ಕೇಂದ್ರವೂ ಇದೆ. ನವಿಲಿನ ಗರಿ ಡಾರ್ವಿನ್‌ಗೆ ತಲೆನೋವಾಗಿತ್ತು. ಓಡಲು ಹಾರಲು ಅಡ್ಡಿಯಾಗುವ ಆ ಭಾರವನ್ನು ನಿಸರ್ಗ ಯಾಕೆ ಉಳಿಸಿತು? ಹೆಣ್ಣಿನ ಮೆಚ್ಚುಗೆಯೇ ಇಲ್ಲಿ ಆಯ್ಕೆ ಮಾಡುತ್ತದೆ ಎಂದು ಅವನು 1871ರಲ್ಲಿ ವಿವರವಾಗಿ ಬರೆದ. ಮ್ಯಾರಿಯನ್ ಪೆಟ್ರಿ 1991ರಲ್ಲಿ ಇಂಗ್ಲೆಂಡಿನ ಉದ್ಯಾನವೊಂದರಲ್ಲಿ ಕಣ್ಣುಗಳು ಹೆಚ್ಚಿರುವ ಗರಿಯ ಗಂಡುಗಳಿಗೆ ಹೆಚ್ಚು ಹೆಣ್ಣು ಒಲಿಯುವುದನ್ನು ಕಂಡರು. ಜಪಾನಿನಲ್ಲಿ ಏಳು ವರ್ಷ ನೋಡಿದವರಿಗೆ ಅಂಥ ಸಂಬಂಧ ಸಿಗಲಿಲ್ಲ. ಚರ್ಚೆ ಮುಗಿದಿಲ್ಲ, ಆದರೆ ಇಂಥ ದುಬಾರಿ ಗರಿ ಬರೀ ಅಲೆತದಿಂದ ಬಂತು ಎನ್ನುವವರು ಯಾರೂ ಇಲ್ಲ. ದನಗಳ ಕಥೆ ಬೇರೆ. ಯಾವ ತಳಿ ಕೇಂದ್ರದಲ್ಲಾದರೂ ಇನ್ನೂರು ಹಸುಗಳಿಗೆ ನಾಲ್ಕೇ ಹೋರಿ ಇವೆ ಎಂದುಕೊಳ್ಳಿ. ಅಲೆತದ ಲೆಕ್ಕದಲ್ಲಿ ಆ ಮಂದೆಯ ಗಾತ್ರ 204 ಅಲ್ಲ, ಸುಮಾರು 16. ಮುಂದಿನ ಪೀಳಿಗೆಯ ಜೀನುಗಳಲ್ಲಿ ಅರ್ಧ ಬರುವುದು ಆ ನಾಲ್ಕರಿಂದಲೇ. ಎತ್ತರ, ಕೊಂಬು, ನಡಿಗೆ ನೋಡಿ ಹೋರಿಯನ್ನು ಆರಿಸಿದವರ ಕಣ್ಣಿಗೆ ಬೀಳದ ಹತ್ತಾರು ಗುಣಗಳು, ರೋಗ ತಡೆಯುವಂಥವು ಕೂಡ, ಹೋರಿಯ ಬೆನ್ನಿಗೆ ಸುಮ್ಮನೆ ಬಂದುಬಿಡುತ್ತವೆ ಅಥವಾ ಸುಮ್ಮನೆ ತಪ್ಪಿಹೋಗುತ್ತವೆ. ಹೋರಿಗಳ ಸಂಖ್ಯೆ ಕಡಿಮೆಯಾಗದಂತೆ ನೋಡಿಕೊಳ್ಳಬೇಕು ಎಂದು ತಳಿ ಉಳಿಸುವವರು ಹಟ ಹಿಡಿಯುವುದು ಇದಕ್ಕೇ.

ಸವಣೂರಿನ ವೀಳ್ಯದೆಲೆ, ಹಾನಗಲ್ ಸೀಮೆಯ ಆಪೂಸ್ ಮಾವು ಈ ಆಟದಿಂದ ಹೊರಗೆ ನಿಂತವು. ಬಳ್ಳಿ ತುಂಡರಿಸಿ ನೆಟ್ಟ ಎಲೆತೋಟ, ಕಸಿ ಕಟ್ಟಿದ ಮಾವಿನ ತೋಪು ಎರಡೂ ಒಂದೇ ಜೀವಿಯ ಪ್ರತಿಗಳು. ಅಲ್ಲಿ ಹೊಸ ಕೂಡಿಕೆ ಇಲ್ಲ, ಹಾಗಾಗಿ ರೋಗ ಬಂದರೆ ತಡೆಯುವ ಗಿಡ ಸಾಲಿನಲ್ಲಿ ಒಂದಾದರೂ ಇದ್ದೀತು ಎಂಬ ಭರವಸೆಯೂ ಇಲ್ಲ.

ಈಗ ಹೊಲಕ್ಕೆ ಬರೋಣ. ಇಲ್ಲಿ ಎಣಿಕೆ ಮೂರರದ್ದಲ್ಲ, ಕೋಟಿಗಳದ್ದು.

ಹತ್ತಿಯ ಗುಲಾಬಿ ಕಾಯಿಕೊರಕ ನಮ್ಮ ನೆಲಕ್ಕೆ ಹೊಸದಲ್ಲ. ವಿಜ್ಞಾನಕ್ಕೆ ಅದರ ಪರಿಚಯವಾದದ್ದೇ ಗುಜರಾತಿನ ಭರೂಚಿನಿಂದ ಹೋದ ಮಾದರಿಯ ಮೂಲಕ, 1843ರಲ್ಲಿ. ಪತಂಗ ಎಳೆಗಾಯಿಯ ಬಳಿ ಮೊಟ್ಟೆ ಇಡುತ್ತದೆ. ಮರಿ ಕೊರೆದು ಒಳಹೊಕ್ಕರೆ ತೂತು ಮುಚ್ಚಿಕೊಳ್ಳುತ್ತದೆ. ಹೊರಗಿನಿಂದ ಕಾಯಿ ಚೆನ್ನಾಗಿಯೇ ಕಾಣುತ್ತದೆ. ಒಡೆದು ನೋಡಿದರೆ ಒಂದು ಎಸಳಿನ ಅರಳೆ ಕಂದುಗಟ್ಟಿ ಅಂಟಿಕೊಂಡಿರುತ್ತದೆ, ಬೀಜದ ತಿರುಳು ಖಾಲಿಯಾಗಿರುತ್ತದೆ. ಕೆಲವೊಮ್ಮೆ ಎರಡು ಬೀಜಗಳನ್ನು ಎಳೆಯಿಂದ ಜೋಡಿಸಿಕೊಂಡು ಹುಳು ನಡುವೆ ಮಲಗಿರುತ್ತದೆ. ಎಣ್ಣೆ ಹೊಡೆದರೂ ಒಳಗಿರುವುದಕ್ಕೆ ತಾಗದು.

2002ರಲ್ಲಿ ಬಿಟಿ ಹತ್ತಿಗೆ ಸರ್ಕಾರದ ಒಪ್ಪಿಗೆ ಸಿಕ್ಕಿತು. ಗಿಡವೇ ಒಂದು ಬ್ಯಾಕ್ಟೀರಿಯದ ವಿಷವನ್ನು ತಯಾರಿಸುತ್ತದೆ. ಆ ವಿಷ ಹುಳುವಿನ ಕರುಳಿನ ಗೋಡೆಯ ಕ್ಯಾಡ್ಹೆರಿನ್ ಎಂಬ ಪ್ರೊಟೀನಿಗೆ ಅಂಟಿ ಹುಳುವನ್ನು ಕೊಲ್ಲುತ್ತದೆ. 2006ರಲ್ಲಿ ಎರಡು ವಿಷಗಳ ಎರಡನೆಯ ಪೀಳಿಗೆ ಬಂತು. ದೇಶದ ಒಂದು ಕೋಟಿ ಹೆಕ್ಟೇರಿಗೂ ಮೀರಿದ ಹತ್ತಿಯ ಹೊಲಗಳಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ಬಿಟಿ ಆಯಿತು. 2008ರಲ್ಲಿ ಗುಜರಾತಿನ ಅಮ್ರೇಲಿಯಲ್ಲಿ ಹಿಡಿದ ಹುಳುಗಳು ಮೊದಲ ವಿಷಕ್ಕೆ ಬಗ್ಗಲಿಲ್ಲ. 2015ರ ಹೊತ್ತಿಗೆ ಎರಡನೆಯದಕ್ಕೂ ಬಗ್ಗಲಿಲ್ಲ. ವರ್ಷಕ್ಕೆ ನಾಲ್ಕೈದು ತಲೆಮಾರು ದಾಟುವ ಹುಳುವಿಗೆ ಮೊದಲ ಗೆಲುವಿಗೆ ಬೇಕಾದದ್ದು ಸುಮಾರು ಮೂವತ್ತು ತಲೆಮಾರು.

ಈ ಭಾಗದ ಗೊಬ್ಬರದ ಅಂಗಡಿಗಳಲ್ಲಿ ಮಳೆಗಾಲದಲ್ಲಿ ಕೇಳಿಬರುವ ಮಾತು ಇಂಥದ್ದು: “ಅಣ್ಣಾರ, ಹ್ವಾದ ವರ್ಷದ ಎಣ್ಣಿ ಈ ಸಲ ಹುಳಕ್ಕ ಹತ್ತವಲ್ದು. ಹುಳಾ ಅದಕ್ಕ ರೂಢಿ ಆಗ್ಯಾವ. ಬ್ಯಾರೇದು ಕೊಡ್ರಿ.” ಫಲಿತಾಂಶವನ್ನು ರೈತ ಸರಿಯಾಗಿಯೇ ಗಮನಿಸಿದ್ದಾನೆ. ಆದರೆ ನಡೆದದ್ದು ರೂಢಿಯಲ್ಲ. ಒಂದೇ ಹುಳು ವಿಷ ತಿಂದು ತಿಂದು ಗಟ್ಟಿಯಾಗಲಿಲ್ಲ. ತಿಂದದ್ದು ಸತ್ತೇ ಹೋಯಿತು. ವಿಷ ಬರುವ ಮೊದಲೇ ಕ್ಯಾಡ್ಹೆರಿನ್ ಜೀನು ಕೆಟ್ಟಿದ್ದ ಹುಳುಗಳು ಅಪರೂಪಕ್ಕೆ ಹೊಲದಲ್ಲಿದ್ದವು, ಯಾವ ಉದ್ದೇಶವೂ ಇಲ್ಲದೆ, ನಕಲು ಮಾಡುವಾಗಿನ ತಪ್ಪಿನಿಂದ ಹುಟ್ಟಿದವು. ಬದಲಾವಣೆ ಮೊದಲು, ಆಯ್ಕೆ ಆಮೇಲೆ ಎಂಬ ಈ ಕ್ರಮವನ್ನು ವಿಜ್ಞಾನಿಗಳಾದ ಲೂರಿಯಾ ಮತ್ತು ಡೆಲ್‌ಬ್ರೂಕ್ ಬ್ಯಾಕ್ಟೀರಿಯಗಳಲ್ಲಿ 1943ರಲ್ಲೇ ಸಾಬೀತುಪಡಿಸಿದ್ದರು. ಅಪರೂಪವೆಂದರೆ ಎಷ್ಟು? ಕೆಟ್ಟ ಪ್ರತಿ ಸಾವಿರಕ್ಕೆ ಒಂದಿದೆ ಎಂದುಕೊಂಡರೆ, ತಂದೆ ತಾಯಿ ಇಬ್ಬರಿಂದಲೂ ಅದನ್ನೇ ಪಡೆದ ಹುಳು ಹತ್ತು ಲಕ್ಷಕ್ಕೆ ಒಂದು. ನೂರು ಕೋಟಿ ಹುಳುಗಳಿದ್ದರೆ ಅಂಥವು ಸಾವಿರ. ಮೂರು ಮರಗಳ ಸವಣೂರಿನಲ್ಲಿ ಅಪರೂಪದ ಜೀನು ತಪ್ಪಿಹೋಗುವುದು ಸಹಜ. ನೂರು ಕೋಟಿಯಲ್ಲಿ ಅದು ತಪ್ಪಿಹೋಗಲಾರದು.

ಆ ಹುಳುಗಳ ಜೀನನ್ನು ಓದಿದಾಗ ಕಂಡದ್ದು ಇಡೀ ವಿಷಯಕ್ಕೇ ಕನ್ನಡಿ. ಅಮೆರಿಕದ ಅರಿಜೋನಾದ ಪ್ರಯೋಗಾಲಯಗಳಲ್ಲಿ ಬಿಟಿಯನ್ನು ತಡೆದುಕೊಂಡ ಹುಳುಗಳಲ್ಲೂ ಕೆಟ್ಟಿದ್ದು ಕ್ಯಾಡ್ಹೆರಿನ್ ಜೀನೇ, ಭಾರತದ ಹೊಲದ ಹುಳುಗಳಲ್ಲೂ ಅದೇ. ಆದರೆ ಕೆಟ್ಟ ಜಾಗಗಳು ಬೇರೆ. ಭಾರತದ ಹುಳುಗಳನ್ನು ನೋಡಿ 2014ರಲ್ಲಿ ಪ್ರಕಟವಾದ ವರದಿಯಲ್ಲಿ ಆ ಜೀನು ಎಂಟು ಹೊಸ ರೀತಿಯಲ್ಲಿ ಮುರಿದಿತ್ತು. ಯಾವ ಅಕ್ಷರ ಅಳಿಸಿತು ಎಂಬುದು ಆಕಸ್ಮಿಕ; ಅಳಿಸಿದ್ದು ಆ ಜೀನಿನಲ್ಲಿದ್ದರೆ ಮಾತ್ರ ಹುಳು ಉಳಿಯಿತು ಎಂಬುದು ಆಯ್ಕೆ. ಅಮೆರಿಕದ ರಿಚರ್ಡ್ ಲೆನ್ಸ್ಕಿ 1988ರಿಂದ ಹನ್ನೆರಡು ಫ್ಲಾಸ್ಕುಗಳಲ್ಲಿ ಒಂದೇ ಬ್ಯಾಕ್ಟೀರಿಯದ ಸಂತತಿಗಳನ್ನು ಬೆಳೆಸಿದಾಗಲೂ ಇಂಥದ್ದೇ ಕಂಡಿತು: ಹನ್ನೆರಡೂ ಮೊದಲಿಗಿಂತ ಬೇಗ ಬೆಳೆಯಲು ಕಲಿತವು, ಆದರೆ ಗಾಳಿಯಿರುವಾಗಲೂ ಸಿಟ್ರೇಟ್ ತಿನ್ನಲು ಕಲಿತದ್ದು ಒಂದೇ ಫ್ಲಾಸ್ಕು, ಅದೂ ಮೂವತ್ತು ಸಾವಿರಕ್ಕೂ ಹೆಚ್ಚು ತಲೆಮಾರು ಕಳೆದ ಮೇಲೆ.

ಹುಳು ಹಬ್ಬಿದ ವೇಗಕ್ಕೆ ನಮ್ಮ ಬೀಜದ ಪದ್ಧತಿಯೂ ಇಂಬು ಕೊಟ್ಟಿತು, ಇಲ್ಲಿ ಧಾರವಾಡದ ಇತಿಹಾಸ ಬರುತ್ತದೆ. ಧಾರವಾಡದ ಕೃಷಿ ವಿಜ್ಞಾನಿ ಬಿ.ಎಚ್. ಕಾತರಕಿ ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ 1972ರಲ್ಲಿ ಕೊಟ್ಟ ‘ವರಲಕ್ಷ್ಮಿ’ ಈ ಸೀಮೆಯ ರೈತರ ಬದುಕನ್ನೇ ಬದಲಿಸಿತು. ಸಂಜೆ ಹೆಣ್ಣು ಸಾಲಿನ ಮೊಗ್ಗಿನ ಕೇಸರ ಕಿತ್ತು, ಬೆಳಿಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸುವ ‘ಕ್ರಾಸಿಂಗ್’ ಕೆಲಸ ರಾಣೆಬೆನ್ನೂರು, ಹಿರೇಕೆರೂರು ಕಡೆಯ ಹೆಣ್ಣುಮಕ್ಕಳ ಬೆರಳುಗಳಿಗೆ ಚೆನ್ನಾಗಿ ಗೊತ್ತು. ಹೈಬ್ರಿಡ್ ಬೀಜದ ಆ ಹಾದಿಯಲ್ಲೇ ಬಿಟಿಯೂ ಬಂತು. ಹೈಬ್ರಿಡ್ ಗಿಡದಲ್ಲಿ ಬಿಟಿ ಜೀನು ಒಂದೊಂದೇ ಪ್ರತಿ ಇರುವುದರಿಂದ ಅದರ ಕಾಯಿಯೊಳಗಿನ ಬೀಜಗಳಲ್ಲಿ ಮೆಂಡೆಲ್ ಹೇಳಿದಂತೆ ಹಂಚಿಕೆಯಾಗುತ್ತದೆ: ಎರಡು ವಿಷದ ಹತ್ತಿಯಲ್ಲಿ ಸರಾಸರಿ ಹದಿನಾರು ಬೀಜಕ್ಕೆ ಒಂಬತ್ತರಲ್ಲಿ ಎರಡೂ ವಿಷ, ಆರರಲ್ಲಿ ಒಂದೇ, ಒಂದರಲ್ಲಿ ಏನೂ ಇಲ್ಲ. ಗುಲಾಬಿ ಕಾಯಿಕೊರಕ ಬೀಜ ತಿನ್ನುವ ಹುಳು. ಒಂದು ಬೀಜದಲ್ಲಿ ವಿಷ ಕಡಿಮೆ ಸಿಕ್ಕಿದರೆ, ಒಂದೇ ಕೆಟ್ಟ ಪ್ರತಿ ಇರುವ ಅರೆಬರೆ ಹುಳು ಕೂಡ ಬದುಕಿಕೊಳ್ಳುತ್ತದೆ. ಅಮೆರಿಕದಲ್ಲಿ ಬೆಳೆಯುವುದು ಹೈಬ್ರಿಡ್ ಅಲ್ಲದ ತಳಿ, ಎಲ್ಲ ಬೀಜದಲ್ಲೂ ವಿಷ.

ಆಯ್ಕೆಯನ್ನು ನಿಧಾನ ಮಾಡಲು ಒಂದು ಉಪಾಯವಿತ್ತು. ಬಿಟಿ ಹೊಲದ ಸುತ್ತ ಐದು ಸಾಲು ಅಥವಾ ಶೇ 20ರಷ್ಟು, ಯಾವುದು ಹೆಚ್ಚೋ ಅಷ್ಟು, ಸಾದಾ ಹತ್ತಿ ಹಾಕಬೇಕು ಎಂಬುದು ಆಗಿನ ನಿಯಮವಾಗಿತ್ತು. ಅಲ್ಲಿ ಬೆಳೆದ ಸಾಧಾರಣ ಪತಂಗಗಳು ವಿಷ ತಡೆದ ಅಪರೂಪದ ಪತಂಗದ ಜೊತೆ ಕೂಡಿದರೆ ಮರಿಗಳಲ್ಲಿ ಒಂದೇ ಕೆಟ್ಟ ಪ್ರತಿ ಇರುತ್ತದೆ, ಬಿಟಿಗೆ ಸಾಯುತ್ತವೆ. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಮಿನ ಸಾದಾ ಬೀಜದ ಪಾಕೀಟು ಬರುತ್ತಿತ್ತು. ಬಹಳ ಹೊಲಗಳಲ್ಲಿ ಆ ಸಣ್ಣ ಪಾಕೀಟು ಮಣ್ಣು ಕಾಣಲೇ ಇಲ್ಲ. ಎಕರೆ ಎರಡೆಕರೆ ಇರುವವರಿಗೆ ಹುಳುವಿಗೆಂದೇ ಹತ್ತಿ ಬಿತ್ತಿ ಎಂದರೆ ಅದರ ಹಿಂದಿನ ಲೆಕ್ಕವನ್ನೂ ಯಾರಾದರೂ ಕೂತು ಬಿಡಿಸಿ ಹೇಳಬೇಕಿತ್ತು. ಆ ಕೆಲಸ ಆಗಲಿಲ್ಲ. ಅರಿಜೋನಾದಲ್ಲಿ ಸಾದಾ ಹತ್ತಿಯ ನಿಯಮ ಪಾಲಿಸಿದರು, ಆಮೇಲೆ ಬಂಜೆಗೊಳಿಸಿದ ಪತಂಗಗಳನ್ನು ವಿಮಾನದಿಂದ ಬಿಟ್ಟರು. 2018ರಲ್ಲಿ ಅಮೆರಿಕ ತನ್ನ ಹತ್ತಿ ಸೀಮೆಗಳಿಂದ ಈ ಹುಳು ನಿರ್ಮೂಲವಾಯಿತೆಂದು ಘೋಷಿಸಿತು. ಅಲ್ಲಿಯೂ ಇಲ್ಲಿಯೂ ಹುಳು ಅದೇ, ವಿಷ ಅದೇ.

ಹತ್ತಿ ಬಿಟ್ಟು ಗೋವಿನಜೋಳಕ್ಕೆ ಹೊರಳಿದ ರೈತರಿಗೆ ಬೇರೆ ಹುಳು ಕಾದಿತ್ತು. ಹಿರೇಕೆರೂರಿನ ಮಗ್ಗುಲಿನ ಶಿವಮೊಗ್ಗ ಜಿಲ್ಲೆಯಲ್ಲಿ 2018ರ ಮೇ ತಿಂಗಳಲ್ಲಿ ಕೃಷಿ ವಿಜ್ಞಾನಿಗಳು ಅಮೆರಿಕ ಖಂಡದ ಲದ್ದಿ ಹುಳು, ಅಂದರೆ ಫಾಲ್ ಆರ್ಮಿವರ್ಮ್ ಅನ್ನು ಭಾರತದಲ್ಲಿ ಮೊದಲ ಸಲ ಗುರುತಿಸಿದರು. 2016ರಲ್ಲಿ ಪಶ್ಚಿಮ ಆಫ್ರಿಕಕ್ಕೆ ಕಾಲಿಟ್ಟಿದ್ದ ಹುಳು ಅದು. ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರದ ಗೆರೆ, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ. ಸುಳಿಯೊಳಗೆ ಕೂತು ತಿಂದು ಮರದ ಹೊಟ್ಟಿನಂಥ ಲದ್ದಿ ಹಾಕುತ್ತದೆ. ಒಂದು ಹೆಣ್ಣು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಮರುವರ್ಷದ ಆರಂಭಕ್ಕೆ ಚೀನ ಮುಟ್ಟಿತ್ತು.

ಸಮುದ್ರ ದಾಟಿದ ಬಾವೊಬಾಬಿನಂತೆ ಇದೂ ತನ್ನ ತವರಿನ ಜೀನು ಭಂಡಾರದಲ್ಲಿ ಒಂದು ಪಾಲನ್ನು ಮಾತ್ರ ಹೊತ್ತು ತಂದಿದೆ. ಆ ಪಾಲಿನಲ್ಲಿ ಏನು ಬಂತು ಎಂಬುದು ನಮ್ಮ ರೈತರಿಗೆ ಬಹಳ ಮುಖ್ಯ. ಆಫ್ರಿಕ ಮತ್ತು ಭಾರತದ ಹುಳುಗಳಲ್ಲಿ ಎಸಿಇ-1 ಎಂಬ ಜೀನಿನ ಬದಲಾದ ರೂಪಗಳು ಸಿಕ್ಕಿವೆ. ಅಮೆರಿಕ ಖಂಡದಲ್ಲಿ ದಶಕಗಳ ಕಾಲ ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಗುಂಪಿನ ವಿಷ ಹೊಡೆದಾಗ ಅಲ್ಲಿ ಆಯ್ಕೆಯಾಗಿ ಉಳಿದ ರೂಪಗಳು ಅವು. ಅಲ್ಲಿಯ ಆಯ್ಕೆ, ಪ್ರಯಾಣದ ಆಕಸ್ಮಿಕ, ಇಲ್ಲಿಯ ಹೊಲ. ಮೊದಲ ವರ್ಷಗಳಲ್ಲಿ ಇಲಾಖೆ ಶಿಫಾರಸು ಮಾಡಿದ ವಿಷ ಪಾಷಾಣವನ್ನು, ಅಂದರೆ ಅಕ್ಕಿ ತೌಡು ಮತ್ತು ಬೆಲ್ಲವನ್ನು ಹುದುಗು ಬರಿಸಿ ಥಯೋಡಿಕಾರ್ಬ್ ಬೆರೆಸಿ ಸುಳಿಗೆ ಉದುರಿಸುವ ಮಿಶ್ರಣವನ್ನು, ಹಿರೇಕೆರೂರಿನ ರೈತರು ಬಲ್ಲರು. ಥಯೋಡಿಕಾರ್ಬ್ ಕಾರ್ಬಮೇಟ್ ಗುಂಪಿನದೇ.

ಈಗ ಹೆಚ್ಚು ಮಾರಾಟವಾಗುವವು ಇಮಾಮೆಕ್ಟಿನ್, ಸ್ಪಿನೆಟೋರಮ್, ಕ್ಲೋರಾಂಟ್ರಾನಿಲಿಪ್ರೋಲ್. ಮೂರೂ ಬೇರೆ ಬೇರೆ ಗುಂಪಿನವು, ಹುಳುವಿನ ದೇಹದಲ್ಲಿ ಬೇರೆ ಬೇರೆ ಜಾಗಕ್ಕೆ ಹೊಡೆಯುತ್ತವೆ. ಮೂವತ್ತು ದಿನಕ್ಕೊಂದು ತಲೆಮಾರು ಮುಗಿಸುವ ಹುಳುವಿಗೆ ಬೆಳೆಯುದ್ದಕ್ಕೂ ಒಂದೇ ಎಣ್ಣೆ ಹೊಡೆದರೆ, ಹೆಸರು ಬದಲಿಸಿ ಅದೇ ಗುಂಪಿನದನ್ನು ಹೊಡೆದರೂ ಅಷ್ಟೇ, ತಡೆಯುವ ಜೀನು ತಲೆಮಾರಿನಿಂದ ತಲೆಮಾರಿಗೆ ಒಟ್ಟಾಗುತ್ತ ಹೋಗುತ್ತದೆ. ಒಂದು ತಲೆಮಾರಿಗೆ ಒಂದು ಗುಂಪು, ಮುಂದಿನದಕ್ಕೆ ಇನ್ನೊಂದು ಎಂದು ಬದಲಾಯಿಸಿದರೆ, ಮೊದಲನೆಯದನ್ನು ತಡೆದ ಹುಳು ಎರಡನೆಯದಕ್ಕೆ ಸಾಯುವ ಸಂಭವ ಹೆಚ್ಚು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಹಳ ವರ್ಷಗಳಿಂದ ಬೆಳೆಸಿ ಹಂಚುತ್ತಿರುವ ನೊಮುರಿಯಾ ರಿಲೇಯಿ ಎಂಬ ಶಿಲೀಂಧ್ರವೂ ಇದೆ. ಜಡಿಮಳೆಯ ವಾರಗಳಲ್ಲಿ ಅದು ತಾನಾಗಿಯೇ ಹೊಲದಲ್ಲಿ ಹಬ್ಬುತ್ತದೆ. ಸತ್ತ ಹುಳು ಎಲೆಗೆ ಅಂಟಿಕೊಂಡು ಮೊದಲು ಬೆಳ್ಳಗಾಗಿ ಆಮೇಲೆ ಹಸಿರು ಹಿಟ್ಟಿನಿಂದ ಮುಚ್ಚಿಹೋಗುತ್ತದೆ. ಡಬ್ಬಿಯ ವಿಷಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಶಿಲೀಂಧ್ರಕ್ಕೂ ಜೀನುಗಳಿವೆ, ಅದರ ಸಂಖ್ಯೆಯೂ ಕೋಟಿ ಕೋಟಿ, ಹುಳು ಬದಲಾದರೆ ಅದೂ ಬದಲಾಗಬಲ್ಲದು. ಅದನ್ನು ಬಳಸುವವರು ಶಿಲೀಂಧ್ರನಾಶಕವನ್ನು ಅದೇ ಪಂಪಿನಲ್ಲಿ ಬೆರೆಸಬಾರದು, ಹುಳು ಇನ್ನೂ ಸಣ್ಣದಿರುವಾಗಲೇ ಸಂಜೆಯ ಹೊತ್ತು ಸುಳಿಗೆ ಬೀಳುವಂತೆ ಹೊಡೆಯಬೇಕು.